ಗಿಲಕಿಯ ಹಳದಿ ಗೆರೆ

ಪುಟ್ಟಿಯ ತಾಯಿ ಗೇಟಿನಾಚೆ ನಿಂತು ಮಗಳು ಇಲ್ಲಿದ್ದಾಳಾ ಎಂದು ಕೇಳಿದಾಗ ನಾನು ಇಲ್ಲ ಎಂದೆ. ಮಗಳು ಮೂರನೇ ಕೋಣೆಯ ಕಿಟಕಿಯ ಹಿಂದೆ ಮಗುವಿಗೆ ಹಾಲೂಡಿಸುತ್ತಾ ಅದನ್ನು ಕೇಳಿಸಿಕೊಂಡಳು. ಈ ತಪ್ಪನ್ನು ನಾನು ಕ್ಲಬ್ಬಿನವರ ತಲೆಗೆ ಕಟ್ಟುವುದಿಲ್ಲ. ಅವರ ತಲೆಗೆ ಕಟ್ಟಲು ಬೇರೆ ಬೇಕಾದಷ್ಟಿದೆ.

ಚನ್ನಪಟ್ಟಣ ದಾಟಿ ವಿರೂಪಾಕ್ಷಿಪುರದ ರಸ್ತೆಗೆ ತಿರುಗಿದರೆ ಬಲಕ್ಕೆ ಆರು ಕೋಣೆಗಳ ಮನೆ ಸಿಗುತ್ತದೆ. ಗಂಡ ಬಿಟ್ಟ, ಗಂಡನನ್ನು ಬಿಟ್ಟ ಚಿಕ್ಕ ವಯಸ್ಸಿನ ತಾಯಂದಿರು ಕೈಗೂಸಿನ ಜೊತೆ ಎರಡು ವರ್ಷ ಇಲ್ಲಿರಬಹುದು. ಕಟ್ಟಿಸಿದ್ದು ಊರಿನ ಸೇವಾ ಕ್ಲಬ್ಬು. ಪ್ರತಿ ಬಾಗಿಲ ಮೇಲೂ ದಾನಿಯ ಹೆಸರಿದೆ. ಫ್ಯಾನಿನ ರೆಕ್ಕೆಯ ಮೇಲೂ ಇದೆ, ತಿರುಗುವಾಗ ಓದಲು ಬರುವುದಿಲ್ಲ ಅಷ್ಟೆ. ಒಳಗೆ ಯಾರಿದ್ದಾರೆ ಎಂಬುದು ಮಾತ್ರ ಗೇಟು ದಾಟಬಾರದು. ಅದನ್ನು ನೋಡಿಕೊಳ್ಳುವವಳು ನಾನು, ಅಮೀರುನ್ನೀಸಾ. ಹುಡುಗಿಯರು ಆಪಾ ಅನ್ನುತ್ತಾರೆ, ಕ್ಲಬ್ಬಿನವರು ಅಮೀರಮ್ಮ ಅನ್ನುತ್ತಾರೆ.

ಪುಟ್ಟಿ ಬಂದದ್ದು ಸಂಕ್ರಾಂತಿಯ ಮರುವಾರ. ಇಪ್ಪತ್ತು ವರ್ಷ. ಮಡಿಲಲ್ಲಿ ಮೂರು ತಿಂಗಳ ಹೆಣ್ಣುಮಗು. ಎಡ ಮುಂಗೈಯ ಮೂಳೆಯನ್ನು ಗಂಡ ಬಾಗಿಲಿಗೆ ಸಿಕ್ಕಿಸಿ ಮುರಿದಿದ್ದ. ಅವನು ಚಿಕ್ಕರಾಜು, ಹಾರೋಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಗುತ್ತಿಗೆ ಕೆಲಸ. ಮೂರನೇ ದಿನವೇ ಹುಡುಕಿಕೊಂಡು ಬಂದ. ಇಲ್ಲ ಎಂದು ಅಟ್ಟಿದೆ. ವಾರ ಕಳೆದು ತಾಯಿ ಮುನಿತಾಯಮ್ಮ ಬೈರಾಪಟ್ಟಣದಿಂದ ನಡೆದುಕೊಂಡೇ ಬಂದಳು. ಕುರಿ ಸಾಕುವ ಹೆಂಗಸು. ಅಳಿಯನ ಊರಿನವರು ಮಗಳು ಯಾವುದೋ ಕೆರೆಗೆ ಬಿದ್ದಿರಬೇಕು ಎಂದಿದ್ದರಂತೆ. ಅವಳಿಗೂ ಅದೇ ಉತ್ತರ ಕೊಟ್ಟೆ. ಹಿಂದೊಮ್ಮೆ ಇನ್ನೊಬ್ಬ ಹುಡುಗಿಯ ತಾಯಿಗೆ ನಿಜ ಹೇಳಿದ್ದೆ. ಸಂಜೆಯೊಳಗೆ ಗಂಡನ ಕಡೆಯ ಹದಿನಾಲ್ಕು ಜನ ಟೆಂಪೋದಲ್ಲಿ ಬಂದಿದ್ದರು.

"ನಮ್ಮವ್ವ ಅತ್ಕೊಂಡ್ ಓಯ್ತಲ್ಲ ಆಪಾ," ಎಂದಳು ಪುಟ್ಟಿ. "ಬದುಕಿವ್ನಿ ಅಂತ ಒಂದ್ ಮಾತು..."

"ನಿಮ್ಮವ್ವಂಗೆ ಯೋಳೋದೂ ಒಂದೇ, ಬಸ್‌ಸ್ಟ್ಯಾಂಡಲ್ಲಿ ಮೈಕ್ ಹಿಡಿಯೋದೂ ಒಂದೇ. ಸುಮ್ಕಿರು."

ಅವಳು ಮತ್ತೆ ಕೇಳಲಿಲ್ಲ.

ಮದುವೆಗೆ ಮುಂಚೆ ಅವಳು ನಾಲ್ಕು ವರ್ಷ ಪೇಟೆಯ ಅಸದುಲ್ಲಾ ಅವರ ಕಾರ್ಖಾನೆಯಲ್ಲಿ ಬೊಂಬೆ ಕಡೆಯುವ ಕೆಲಸ ಕಲಿತಿದ್ದಳು. ನಮ್ಮ ಮನೆಯಲ್ಲೂ ಮರ ಕಡೆಯುವ ಒಂದು ಲೇತ್ ಇತ್ತು. ಉದ್ಘಾಟನೆಯ ಫೋಟೋ ತೆಗೆದ ದಿನದಿಂದ ಗೋಣಿಚೀಲ ಹೊದ್ದು ಕುಳಿತಿತ್ತು. ಜೂನ್ ತಿಂಗಳಲ್ಲಿ ಪಂಪ್‌ಸೆಟ್ ಅಂಗಡಿಯ ಪುಟ್ಟಲಿಂಗಯ್ಯ ಕ್ಲಬ್ಬಿನ ಹೊಸ ಅಧ್ಯಕ್ಷರಾಗುವವರಿದ್ದರು. ಸಮಾರಂಭಕ್ಕೆ ಬರುವವರಿಗೆಲ್ಲ ಈ ಮನೆಯಲ್ಲೇ ಮಾಡಿದ ಗಿಲಕಿ ಕೊಡಬೇಕೆಂದು ಅವರಿಗೆ ಆಸೆ. ನನಗೂ ಹೆಮ್ಮೆಯಾಯಿತು. ಪುಟ್ಟಿಯ ಕೈ ಅಷ್ಟರಲ್ಲಿ ಕೂಡಿಕೊಂಡಿತ್ತು.

"ಈ ಗಿಲಕಿ ಎಲ್ಲಿಗ್ ಓಯ್ತವೆ ಆಪಾ?"

"ದೊಡ್ಡೋರ ಮನೆಗೆ."

"ಈ ಊರಲ್ಲೇ?"

"ಊರಲ್ಲೇ."

ಮರುದಿನವೇ ಗೋಣಿಚೀಲ ತೆಗೆದಳು. ಗರಗರ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿದರೆ ಬಿಸಿಗೆ ಕರಗಿ ಬಣ್ಣ ಹಿಡಿಯುತ್ತದೆ. ಮೇಲೆ ತಾಳೆಗರಿಯಲ್ಲಿ ಉಜ್ಜಿದರೆ ಹೊಳಪು. ತಲೆ ಕೆಂಪು, ಹಿಡಿ ಹಸಿರು. ಎರಡರ ನಡುವೆ ಕೂದಲಷ್ಟು ತೆಳ್ಳಗೆ ಒಂದು ಹಳದಿ ಗೆರೆ. ಎಷ್ಟು ಚೆಂದ ಎಳೆದಿದ್ದೀಯೆ ಎಂದು ನಾನೇ ಬೆನ್ನು ತಟ್ಟಿದೆ. ಇದೇ ಊರಿನಲ್ಲಿ ಹುಟ್ಟಿ, ಬೊಂಬೆಗೆ ಕೈ ಗುರುತು ಇರುತ್ತದೆ ಎಂದು ನನಗೆ ಹೊಳೆಯಲಿಲ್ಲ. ರೇಷ್ಮೆ ಬಿಚ್ಚುವವರ ಮನೆಯವಳು ನಾನು. ನೂಲು ನೋಡಿದರೆ ಯಾರ ಮನೆಯ ಬಾಣಲೆಯಲ್ಲಿ ಬಿಚ್ಚಿದ್ದೆಂದು ಹೇಳಬಲ್ಲೆ. ಬೊಂಬೆಯನ್ನು ಯಾವತ್ತಾದರೂ ನೆಟ್ಟಗೆ ನೋಡಿದ್ದರೆ ತಾನೆ!

ಸಮಾರಂಭದಲ್ಲಿ ಪುಟ್ಟಲಿಂಗಯ್ಯ ಗಿಲಕಿಯನ್ನು ಮೈಕಿನ ಮುಂದೆ ಅಲ್ಲಾಡಿಸಿದರು. ಎಲ್ಲರೂ ನಕ್ಕರು. ಬೊಂಬೆ ವ್ಯಾಪಾರಿ ಶರೀಫ್ ತನಗೆ ಸಿಕ್ಕ ಗಿಲಕಿಯನ್ನು ಮರುದಿನ ಅಸದುಲ್ಲಾ ಅವರ ಕೈಗೆ ಕೊಟ್ಟು, "ನಿಮ್ಮದೇ ಕೆಲಸ ಇದ್ದಂಗೈತೆ," ಎಂದನಂತೆ. ಆ ಗೆರೆ ಎಳೆಯುವ ಕೈ ಊರಿನಲ್ಲಿ ಎರಡೇ. ಒಂದು ಅಸದುಲ್ಲಾ ಅವರದು. ಇನ್ನೊಂದು ಸತ್ತಿದೆ ಎಂದು ಅವರು ನಂಬಿದ್ದರು. ಆ ಮುದುಕ ಅಂಗಡಿ ಮುಚ್ಚಿ, ಮೊಪೆಡ್ ಹತ್ತಿ ಬೈರಾಪಟ್ಟಣಕ್ಕೆ ಹೋದರು. ಯಾವ ಮನುಷ್ಯ ಹೋಗದೆ ಇರುತ್ತಾನೆ? ಮುನಿತಾಯಮ್ಮ ಬೀದಿಗೆಲ್ಲ ಬೆಲ್ಲ ಹಂಚಿದಳು. ಬೆಲ್ಲದ ಸುದ್ದಿ ಎರಡೇ ದಿನಕ್ಕೆ ಹಾರೋಹಳ್ಳಿ ಮುಟ್ಟಿತು.

ಮೂರನೇ ದಿನ ಎರಡು ಜೀಪು ಬಂದವು. ನಾನು ಗೇಟಿಗೆ ಬೀಗ ಜಡಿದು ನಿಂತೆ.

"ನಮ್ಮ ಹೆಣ್ಮಗಳ್ನ ಕೂಡಾಕೊಂಡಿದ್ದೀಯೇನೇ ಸಾಬ್ರಮ್ಮ?" ಎಂದ ಚಿಕ್ಕರಾಜು. ಹಿಂದೆ ನಿಂತವರಿಗೆ ಕೇಳಲೆಂದೇ ಆ ಮಾತು.

"ಕೂಡಾಕಿರೋದು ಒಳಗಿರೋರ್ನಲ್ಲ ಕಣೋ, ಹೊರಗಿರೋ ನಿನ್ನ. ಕೈ ಮುರಿಯಕ್ಕೆ ಇಲ್ಲಿ ಬಾಗಿಲು ಸಿಕ್ಕಲ್ಲ, ಹೋಗು!"

ಕಲ್ಲು ಬಿದ್ದು ಎರಡನೇ ಕೋಣೆಯ ಗಾಜು ಒಡೆಯಿತು. ಒಳಗೆ ಆರು ಮಕ್ಕಳು ಒಟ್ಟಿಗೆ ಕಿರುಚಿದವು. ಪೊಲೀಸರು ಬಂದು ಚದುರಿಸಿದರು. ಹೋಗುವಾಗ ಅವನು ಬೆರಳು ತೋರಿಸಿ, "ಬತ್ತೀನಿ," ಎಂದ.

ಸಂಜೆಯೇ ಪಂಪ್‌ಸೆಟ್ ಅಂಗಡಿಯ ಮಹಡಿಯಲ್ಲಿ ಕ್ಲಬ್ಬಿನ ಸಭೆ.

"ಅಮೀರಮ್ಮ, ನಾಳೆ ಇದು ಬೇರೆ ಬಣ್ಣಕ್ಕೆ ತಿರುಗ್ತದೆ," ಎಂದರು ಪುಟ್ಟಲಿಂಗಯ್ಯ. "ಆ ಹುಡುಗಿನ ಬೇರೆ ಊರಿಗೆ ಸಾಗಿಸ್ಬುಡೋಣ. ಅಲ್ಲಿನ ಕ್ಲಬ್ಬೋರ್ದೂ ಇಂಥದೇ ಮನೆ ಐತೆ."

"ಒಂದು ಕಲ್ಲಿಗೆ ಇಷ್ಟು ಹೆದರೋರು ಬಾಗಿಲ ಮೇಲೆ ಹೆಸರು ಯಾಕೆ ಬರೆಸ್ಕೊಂಡ್ರಿ? ಒರೆಸ್ಕೊಂಡ್ ಹೋಗಿ!"

ಅವರಿಗೆ ಸಿಟ್ಟು ಬರಲಿಲ್ಲ. "ಒರೆಸ್ತೀನಿ. ಮಿಕ್ಕ ಐದು ಜನ ಎಲ್ಲಿಗ್ ಓಗ್ಬೇಕು, ನೀವೇ ಯೋಳಿ."

ರಾತ್ರಿಯೇ ಪುಟ್ಟಿಗೆ ಹೊರಡಲು ಹೇಳಿದೆ.

ಬೆಳಿಗ್ಗೆ ಪುಟ್ಟಿ ಬಟ್ಟೆ ಮಡಚುತ್ತಿದ್ದಳು. ಕೇಳಿಯೇಬಿಟ್ಟೆ.

"ಆ ಗೆರೆ ಬೇಕೂಂತ್ಲೇ ಎಳ್ದೆಯಾ?"

"ಊಂ ಆಪಾ. ಸಾಬ್ರು ನೋಡುದ್ರೆ ಅವ್ವಂಗೆ ಯೋಳ್ತಾರೆ ಅಂತ."

"ಅವನೂ ಬತ್ತಾನೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿತ್ತು." ಮಗುವಿನ ಕುಲಾವಿ ಸರಿಮಾಡಿದಳು. "ಅವತ್ತು ನೀವು ಅವ್ವಂಗೆ ಒಂದ್ ಮಾತು ಯೋಳಿದ್ರೆ ಎಳೀತಿರ್ಲಿಲ್ಲ."

ಕೆನ್ನೆಗೆ ಬಾರಿಸಲು ಕೈ ಎತ್ತಿದವಳು ಅದೇ ಕೈಯಲ್ಲಿ ಮಗುವನ್ನು ಎತ್ತಿಕೊಂಡು ಕ್ಲಬ್ಬಿನವರು ಕಳಿಸಿದ ಕಾರಿನವರೆಗೆ ಹೋದೆ.

ಮಧ್ಯಾಹ್ನ ಮುನಿತಾಯಮ್ಮ ಬಂದಳು. ಒಂದು ಕೈಯಲ್ಲಿ ಗಿಲಕಿ, ಇನ್ನೊಂದರಲ್ಲಿ ಬಾಣಂತಿಗೆಂದು ನಾಲ್ಕು ದಿನ ಬೆಣ್ಣೆ ಕೂಡಿಟ್ಟು ಕಾಸಿದ ತುಪ್ಪದ ಡಬ್ಬಿ.

"ಎಲ್ಲವ್ಳೆ?"

"ಇಲ್ಲ."

"ಓದ್ಸಲನೂ ಇಲ್ಲ ಅಂದ್ರಿ."

ಈ ಸಲ ಗೇಟು ತೆಗೆದೆ. ಮೂರನೇ ಕೋಣೆಗೆ ಕರೆದುಕೊಂಡು ಹೋಗಿ ಖಾಲಿ ತೊಟ್ಟಿಲು ತೋರಿಸಿದೆ, ಎಲ್ಲವನ್ನೂ ಹೇಳಿದೆ. ಊರಿನ ಹೆಸರೊಂದನ್ನು ಬಿಟ್ಟು. ಅವಳು ತೊಟ್ಟಿಲ ಬಟ್ಟೆಯನ್ನು ಮೂಸಿ ನೋಡಿ ನೆಲದ ಮೇಲೆ ಕುಳಿತಳು.

"ನಾನೇ ಬಾಯ್ಬುಟ್ಟು ಕೆಡಿಸ್ಬುಟ್ಟೆ."

"ಮೊದಲು ಕೆಡಿಸಿದ್ದು ನಾನು," ಎಂದೆ.

ಆಮೇಲೆ ನಾನು, ಮುನಿತಾಯಮ್ಮ, ಅಸದುಲ್ಲಾ ಮೂವರೂ ಸೇರಿ ಒಂದು ದಾರಿ ಮಾಡಿದೆವು. ನಮ್ಮ ಮನೆಯ ಲೇತ್ ಪುಟ್ಟಿ ಇರುವಲ್ಲಿಗೆ ಹೋಗಬೇಕು. ಅವಳು ತಿಂಗಳಿಗೊಮ್ಮೆ ಗಿಲಕಿಗಳ ಗಂಟನ್ನು ಅಸದುಲ್ಲಾ ಅವರ ಅಂಗಡಿಗೆ ಕಳಿಸಬೇಕು. ಹಳದಿ ಗೆರೆ ಇದ್ದರೆ ತಾಯಿ ಮಗು ಚೆನ್ನಾಗಿದ್ದಾರೆ ಎಂದು ಅರ್ಥ. ಲೇತಿಗೆ ದಾನಿಯ ಹೆಸರಿನ ಫಲಕ ಬಿಗಿದಿದ್ದರು. ಕದಲಿಸಲು ಕ್ಲಬ್ಬು ಒಪ್ಪುವುದಿಲ್ಲ ಎಂದುಕೊಂಡು ಜಗಳಕ್ಕೆ ಸಿದ್ಧಳಾಗಿಯೇ ಹೋದೆ. ಪುಟ್ಟಲಿಂಗಯ್ಯ ತಾವೇ ಅಂಗಡಿಯಿಂದ ಸ್ಪ್ಯಾನರ್ ತಂದು ಫಲಕ ಬಿಚ್ಚಿದರು. ಅದು ಅವರ ತಂದೆಯ ಹೆಸರು.

ಎರಡು ತಿಂಗಳು ಗಂಟು ಬಂತು. ಗೆರೆಯೂ ಇತ್ತು. ಮುನಿತಾಯಮ್ಮ ಸಂತೆಗೆ ಬಂದವಳಂತೆ ಅಂಗಡಿಗೆ ಬಂದು, ಒಂದು ಗಿಲಕಿ ಎತ್ತಿ, ಹೆಬ್ಬೆರಳಿನಿಂದ ಗೆರೆ ಸವರಿ, "ಬಣ್ಣ ಒಸಿ ಜಾಸ್ತಿ ಆಯ್ತು ಸಾಬ್ರೆ," ಎಂದು ಅಲ್ಲೇ ಇಟ್ಟು ಹೋಗುತ್ತಿದ್ದಳು. ಕಣ್ಣಲ್ಲಿ ಒಂದು ಹನಿ ಇಲ್ಲ. ಬೀದಿಗೆ ಬೆಲ್ಲವಿಲ್ಲ.

ಮೂರನೇ ಗಂಟು ನಿನ್ನೆ ಬಂತು. ಅಸದುಲ್ಲಾ ಹೇಳಿ ಕಳಿಸಿದರು. ನಲವತ್ತು ಗಿಲಕಿಗಳನ್ನೂ ಒಂದೊಂದಾಗಿ ಬೆಳಕಿಗೆ ಹಿಡಿದೆವು. ಕೆಂಪು, ಹಸಿರು. ನಡುವೆ ಏನೂ ಇಲ್ಲ.

"ಅರಗು ಮುಗಿದಿರಬೌದು," ಎಂದೆ.

"ಹಳದಿ ಅರಗು ನಾನೇ ಕಳಿಸಿದ್ದೆ. ವರ್ಷಕ್ಕಾಗೋಷ್ಟು," ಎಂದರು ಅವರು.

ಅಲ್ಲಿಯ ಮನೆಗೆ ಫೋನ್ ಮಾಡಿದೆ. ಉಸ್ತುವಾರಿಯ ಹೆಂಗಸು, "ಚೆನ್ನಾಗವ್ಳೆ," ಎಂದಳು. ಪುಟ್ಟಿಗೆ ಫೋನ್ ಕೊಡು ಎಂದೆ. ಮಲಗಿದ್ದಾಳೆ ಎಂದಳು. ಬೆಳಿಗ್ಗೆ ಹನ್ನೊಂದು ಗಂಟೆ. ತಡವರಿಕೆಯಿಲ್ಲದ, ಗಟ್ಟಿ ದನಿ. ಗೇಟಿನ ಬಳಿ ನಿಂತು ಇಲ್ಲ ಎಂದಾಗ ನನ್ನ ದನಿಯೂ ಹಾಗೇ ಇತ್ತು.

ಇವತ್ತು ಬೆಳಿಗ್ಗೆ ಬೈರಾಪಟ್ಟಣಕ್ಕೆ ಹೋಗಿ, ಕುರಿ ಬಿಡುತ್ತಿದ್ದ ಮುನಿತಾಯಮ್ಮನನ್ನು ಸೀರೆ ಬದಲಿಸಲು ಬಿಡದೆ ಹೊರಡಿಸಿದೆ. ಎಲ್ಲಿಗೆ ಎಂದು ಅವಳು ಕೇಳಲಿಲ್ಲ, ಕೇಳಬಾರದು ಎಂದು ಕಲಿತಿದ್ದಳು. ಬಸ್‌ಸ್ಟ್ಯಾಂಡಿನಲ್ಲಿ ನನ್ನ ಸೆರಗಿನ ತುದಿ ಹಿಡಿದು ನಿಂತಳು. ಅವಳಿಗೆ ಓದಲು ಬರುವುದಿಲ್ಲ. ಬಸ್ಸು ಬಂತು. ಬೋರ್ಡಿನ ಮೇಲಿದ್ದ ಊರಿನ ಹೆಸರನ್ನು ಅವಳ ಕಿವಿಗೆ ಬೀಳುವಂತೆ ಓದಿದೆ.