ಕೈಗಂಟಿದ ಚರಗ, ತಡವಾದ ಕಿರಣ

ಮೊದಲು ಕ್ಷಮೆ ಕೇಳಿಬಿಡುತ್ತೇನೆ. ಈ ಕಥೆ ಹೇಳುವ ಅರ್ಹತೆ ನನಗಿಲ್ಲ. ನನ್ನ ಭೌತಶಾಸ್ತ್ರ ಸಂಜೆ ಕಾಲೇಜಿನದು; ಕರೆಂಟು ಹೋದ ದಿನ ತಪ್ಪಿದ ಪಾಠಗಳು ತಪ್ಪಿಯೇ ಹೋಗಿವೆ. ಸಾಪೇಕ್ಷತಾ ಸಿದ್ಧಾಂತದ ದಿನ ಕರೆಂಟು ಇತ್ತೋ ಇಲ್ಲವೋ ನೆನಪಿಲ್ಲ. ತಪ್ಪು ಕಂಡರೆ ತಿದ್ದಿಕೊಂಡು ಓದಿ.

ಎಲ್ಲಿಂದ ಶುರು ಮಾಡಲಿ? ಶತಕೋಟಿ ವರ್ಷಗಳ ಹಿಂದೆ ಒಂದು ನಕ್ಷತ್ರ ಸಿಡಿದಲ್ಲಿಂದಲೋ, ಅಣ್ಣಿಗೇರಿಯ ಹೊಲದಲ್ಲಿ ಹಲೀಮಾಬಿ ಬುತ್ತಿ ಬಿಚ್ಚಿದಲ್ಲಿಂದಲೋ?

೧

"ಬ್ರಹ್ಮಾಂಡದ ಅಗಾಧ ಮೌನದಲ್ಲಿ..."

(ಹೊಡೆದು ಹಾಕಿದೆ. ಬ್ರಹ್ಮಾಂಡ ಮೌನವಾಗಿದೆಯೋ ಇಲ್ಲವೋ ನನಗೇನು ಗೊತ್ತು.)

೨

ಹಲೀಮಾಬಿಯ ಮಗಳು ಶಗುಫ್ತಾ ಧಾರವಾಡದಲ್ಲಿ ಸಂಶೋಧನೆ ಮಾಡುತ್ತಾಳೆ. ಸೀಗೆ ಹುಣ್ಣಿಮೆಗೆಂದು ಊರಿಗೆ ಬಂದಿದ್ದಾಳೆ. ಸೋಮವಾರ ಸೆಮಿನಾರಿನಲ್ಲಿ ಎದ್ದು ನಿಂತು ಒಂದು ಮಾತು ಹೇಳಬೇಕು. ಯಾವ ಮಾತು ಎಂಬುದು ಇನ್ನೂ ತೀರ್ಮಾನವಾಗಿಲ್ಲ.

ವಿಷಯ ಇಷ್ಟೇ. ದೂರದಲ್ಲಿ ನಕ್ಷತ್ರ ಸಿಡಿದಾಗ ಗಾಮಾ ಕಿರಣಗಳು ಹೊರಡುತ್ತವೆ, ಕೆಲವು ಕಡಿಮೆ ಶಕ್ತಿಯವು, ಕೆಲವು ಭಾರೀ ಶಕ್ತಿಯವು. ದೇಶಕಾಲದ, ಅಂದರೆ ಜಾಗ ಮತ್ತು ಸಮಯ ಸೇರಿದ ಹಾಸಿನ, ಸಮಮಿತಿ ಎಂಬುದು ನಿಜವಾದರೆ, ಖಾಲಿ ಆಕಾಶದಲ್ಲಿ ಎಲ್ಲಕ್ಕೂ ಒಂದೇ ವೇಗ. ಆದರೆ ದೇಶಕಾಲವೇ ಒಳಗೊಳಗೆ ಜಮಖಾನದ ನೂಲಿನಂತೆ ಒರಟಾಗಿದ್ದರೆ, ಹೆಚ್ಚು ಶಕ್ತಿಯ ಕಿರಣ ಒಂದಿಷ್ಟು ಹಿಂದೆ ಬೀಳಬಹುದು. ಹತ್ತಿರದಲ್ಲಿ ಕಾಣದ ಆ ತಡ, ಶತಕೋಟಿ ವರ್ಷ ಸಾಗಿ ಬಂದ ಮೇಲೆ ಕಂಡೀತು.

ಶಗುಫ್ತಾ ನೋಡಿದ ಸ್ಫೋಟದಲ್ಲಿ ಎಲ್ಲಕ್ಕಿಂತ ಬಲವಾದ ಒಂದು ಕಿರಣ ಉಪಗ್ರಹವನ್ನು ಕೆಲವು ಸೆಕೆಂಡು ತಡವಾಗಿ ತಲುಪಿದೆ.

"ದಾರಿಯಲ್ಲೇ ತಡ ಆಗಿದೆ ಅಂತ ಹೇಳಿಬಿಡು. ಪ್ರಬಂಧದಲ್ಲಿ ಮೊದಲ ಹೆಸರು ನಿಂದೇ" ಎಂದಿದ್ದಾರೆ ಗೈಡ್ ಸರ್. ಹೇಳಿದರೆ ಅವಳ ಹೆಸರು ದೇಶ ಸುತ್ತುತ್ತದೆ. ಹೇಳಲಾರೆ ಎಂದರೆ ಪ್ರಬಂಧ ನಿಲ್ಲುತ್ತದೆ, ಫೆಲೋಶಿಪ್ ಮುಗಿಯುತ್ತದೆ, ಗಂಟುಮೂಟೆ ಕಟ್ಟಬೇಕು.

(ಆ ಕಿರಣ ಹೊರಡುವಾಗಲೇ ತಡ ಮಾಡಿರಬಹುದಲ್ಲ ಎನ್ನುತ್ತೀರಿ. ತಡೆಯಿರಿ. ಆ ಪ್ರಶ್ನೆಯನ್ನು ಪಕ್ಕದ ಹೊಲದ ಮೈಲಾರವ್ವನ ಬಾಯಿಗೆ ಇಡೋಣವೆಂದು ಜೋಪಾನ ಮಾಡಿಕೊಂಡಿದ್ದೇನೆ.)

೩

ಶಗುಫ್ತಾಳ ಅಪ್ಪ ಹಸನಸಾಬನ ಹೊಲ, ತಿರಕಪ್ಪನ ಹೊಲ ಒಂದೇ ಬದುವಿಗೆ ಹತ್ತಿಕೊಂಡವು. ಹುಣ್ಣಿಮೆಗೆ ಎರಡೂ ಮನೆಯ ಅಡುಗೆಯನ್ನು ಒಂದೇ ಬುಟ್ಟಿಯಲ್ಲಿ ಕಲಸಿ ಭೂಮಿತಾಯಿಗೆ ಚರಗ ಚೆಲ್ಲುವುದು ರೂಢಿ. ಮುಂದಿನವರು ಕೂಗುತ್ತ ಮುಷ್ಟಿ ಮುಷ್ಟಿ ಬೀರಬೇಕು. ಹಿಂದಿನವರು ಓಗೊಟ್ಟು ನೀರು ಚಿಮುಕಿಸಬೇಕು. ಈ ಸಲ ಹಸನಸಾಬನಿಗೆ ಭುಜ ಹಿಡಿದಿತ್ತು. ಬುಟ್ಟಿ ಶಗುಫ್ತಾಳ ಕೈಗೆ ಬಂತು.

ಮೊದಲ ಮುಷ್ಟಿ ಬೀಸಿದಳು. ಸಜ್ಜೆ ರೊಟ್ಟಿಯ ಚೂರು ದೂರ ಹಾರಿತು. ಕಡಬು ನಡುವೆ ಬಿತ್ತು. ಪುಂಡಿಸೊಪ್ಪಿನ ಪಲ್ಲೆ ಬೆರಳಿಗಂಟಿ ನಿಂತು, ಆಮೇಲೆ ಕಾಲ ಬುಡದಲ್ಲಿ ಜಾರಿತು.

"ಕೈ ಜಾಡಸ ಬೇ," ಎಂದಳು ತಿರಕಪ್ಪನ ಹೆಂಡತಿ ಮೈಲಾರವ್ವ. "ಅಂಟಿಸ್ಕೊಂಡ ನಿಂತ್ರ ಭೂಮಿತಾಯಿ ನಿನ್ನ ಕೈ ನೆಕ್ಕಬೇಕೇನು?"

ಶಗುಫ್ತಾ ಬೆಚ್ಚಿಬಿದ್ದಳು. ಹಾಗಾದರೆ ಕಿರಣವೂ ನಕ್ಷತ್ರದ ಕೈಗೆ ಅಂಟಿ...

"ಅಲ್ರಿ," ಎಂದು ಶಗುಫ್ತಾ ನನ್ನನ್ನು ತಡೆದಳು. "ನಾ ಎಲ್ಲಿ ಬೆಚ್ಚಿಬಿದ್ದೇನ್ರಿ? ಕಿರಣ ತಡಾ ಮಾಡಿ ಹೊಂಟಿರಬಹುದು ಅನ್ನೂದು ನಾವು ಮೊದಲನೇ ವರ್ಷನ ಓದತೇವಿ. ಪುಂಡಿಪಲ್ಲೆ ನೋಡಿ ಕಲಿಯೂದು ಬ್ಯಾಡ."

"ಓದುಗರಿಗೆ ತಿಳಿಯಬೇಕಲ್ಲ" ಎಂದೆ.

"ಹಂಗಾರ ನೀವ ಹೇಳ್ರಿ. ಪಾಪ ಮೈಲಾರವ್ವ ಚಿಗವ್ವನ ಬಾಯಾಗ ಯಾಕ ತುರಕತೀರಿ?"

ಹೇಳುತ್ತೇನೆ. ತಡ ದಾರಿಯದಾದರೆ, ದಾರಿ ಉದ್ದವಾದಷ್ಟೂ ಅದು ಬೆಳೆಯಬೇಕು. ಹೊರಡುವ ಜಾಗದ್ದಾದರೆ ಹಾಗೆ ಬೆಳೆಯಬೇಕಿಲ್ಲ. ಆದ್ದರಿಂದ ಹತ್ತಿರದವು, ದೂರದವು, ಅನೇಕ ಸ್ಫೋಟಗಳನ್ನು ಹೋಲಿಸಬೇಕು. ಅಷ್ಟು ಬಲವಾದ ಕಿರಣ ಅವಳ ಹತ್ತಿರ ಇರುವುದು ಒಂದೇ. ಮುಂದಿನದು ಯಾವಾಗ ಬರುತ್ತದೋ, ಯಾರ ಫೆಲೋಶಿಪ್ಪಿಗೂ ಅದು ಕಾಯುವುದಿಲ್ಲ.

೪

ನೀರಿನ ತಂಬಿಗೆ ಹಿಡಿದು ಹಿಂದೆ ಬರುತ್ತಿದ್ದ ತಿರಕಪ್ಪ ನಿಂತ.

"ನೋಡ್ರಿಪಾ. ನಮ್ಮನಿ ರೊಟ್ಟಿ ಎಲ್ಲಿ ಹೋತು, ಹಸನಸಾಬನ ಮನಿ ಕಡಬು ಎಲ್ಲಿ ಬಿತ್ತು. ಭೂಮಿತಾಯಿ ಯಾರ ಮನಿದು ಮೊದಲ ಕರಕೊಂಡ್ಲು ಅಂತ ತಿಳೀತಿಲ್ಲೋ?"

ಬದುವಿನ ಮೇಲೆ ಕುಳಿತಿದ್ದ ಹಸನಸಾಬ ತಲೆ ಎತ್ತಿದ. "ನಿಮ್ಮ ರೊಟ್ಟಿ ಗಾಳಿಗೆ ಹಾರತಾವಲೇ. ಕಡಬಿನ್ಯಾಗ ಹೂರಣ ಇರತೈತಿ."

ಹಲೀಮಾಬಿ ಸೆರಗು ಬಾಯಿಗೆ ಹಿಡಿದು ನಕ್ಕಳು.

"ಒಂದ ಮುಷ್ಟಿ ಚೆಲ್ಲೇನಿ ಕಾಕಾ," ಎಂದಳು ಶಗುಫ್ತಾ. "ಒಂದರಾಗ ಹೆಂಗ ಹೇಳತಿ?"

ಹೇಳಿದವಳು ತನ್ನ ಮುಷ್ಟಿಯನ್ನೇ ನೋಡಿದಳು. ಮುಂದಿನ ಮುಷ್ಟಿಗೆ ಕೂಗು ಬರಲಿಲ್ಲ. ಓಗೊಡಲು ಬಾಯಿ ತೆರೆದ ತಿರಕಪ್ಪ ಹಾಗೇ ನಿಂತಿದ್ದ.

(ಆಣೆ ಮಾಡಿ ಹೇಳುತ್ತೇನೆ, ಈ ಒಂದು ಮುಷ್ಟಿಯ ಮಾತನ್ನು ನಾನು ಬರೆದಿರಲಿಲ್ಲ. ನನ್ನ ಕರಡಿನಲ್ಲಿ ಇಲ್ಲಿ ಹಕ್ಕಿಗಳ ವರ್ಣನೆ ಇತ್ತು.)

"ಸೋಮವಾರ ಏನ ಹೇಳಾಕಿ?" ಹಲೀಮಾಬಿ ನಗು ನಿಲ್ಲಿಸಿ ಕೇಳಿದಳು. ತಾಯಂದಿರಿಗೆ ಹೇಗೆ ತಿಳಿಯುತ್ತದೋ.

"ಗೊತ್ತಿಲ್ಲ ಅನ್ನಬೇಕಾಗತೈತೇನೋ ಅಮ್ಮಾ."

"ಅಷ್ಟ ವರ್ಷ ಓದಿ ಗೊತ್ತಿಲ್ಲ ಅನ್ನಾಕಿ?"

"ಹೂಂ."

"ಹಂಗಂದ್ರ ಅಲ್ಲೆ ಇಟ್ಗೋತಾರೇನು ನಿನ್ನ?"

ಶಗುಫ್ತಾ ಕೈ ಜಾಡಿಸಿದಳು. ಪಲ್ಲೆ ಬಿಡಲಿಲ್ಲ.

"ಕೂಗವಾ," ಎಂದ ತಿರಕಪ್ಪ, ಈಗ ಮೆತ್ತಗೆ. "ಹೊಲ ಇನ್ನೂ ಬಾಳ ಐತಿ."

೫

ಮುಕ್ತಾಯ ಒಂದು: ದಾರಿಯಲ್ಲೇ ತಡವಾಗಿದೆ ಎಂದು ಹೇಳುತ್ತಾಳೆ. ಚಪ್ಪಾಳೆ. ಮುಂದೊಂದು ದಿನ ಇನ್ನೂ ದೂರದ ಸ್ಫೋಟದ ಅಷ್ಟೇ ಬಲವಾದ ಕಿರಣ ತಡವಿಲ್ಲದೆ ಎಲ್ಲದರ ಜೊತೆಗೇ ಬಂದು ಕೂರುತ್ತದೆ, ಅವಳ ಮಾತು ಸುಳ್ಳಾಗುತ್ತದೆ. ಇದನ್ನು ಶಗುಫ್ತಾ ಹರಿದಳು.

ಮುಕ್ತಾಯ ಎರಡು: ಗೊತ್ತಿಲ್ಲ ಎನ್ನುತ್ತಾಳೆ. ಗೈಡ್ ಸರ್ ಎದ್ದು ಬಂದು ಕೈ ಕುಲುಕುತ್ತಾರೆ. ಇದನ್ನು ನಾನೇ ಹರಿದೆ. ಗೊತ್ತಿಲ್ಲ ಎಂದವರ ಕೈಯನ್ನು ಯಾರಾದರೂ ಕುಲುಕಿದ್ದನ್ನು ನಮ್ಮ ಸಂಜೆ ಕಾಲೇಜಿನಲ್ಲಂತೂ ಕಂಡಿಲ್ಲ.

ಮುಕ್ತಾಯ ಮೂರು: ಸೋಮವಾರ ಬೆಳಿಗ್ಗೆ ಅಣ್ಣಿಗೇರಿ ಸ್ಟೇಷನ್. ಅವಳ ಉಗುರಿನ ಸಂದಿಯಲ್ಲಿ ಇನ್ನೂ ಒಂದು ಎಳೆ ಪುಂಡಿ ಇದೆ. ರೈಲು ಬಂತು. ನಾನೂ ಹತ್ತಲು ಹೋದೆ.

"ನೀವು ಬರಬ್ಯಾಡ್ರಿ," ಎಂದಳು. "ನೀವು ಬಂದ್ರ ಹೆಂಗರ ಮಾಡಿ ಮುಗಿಸಿಬಿಡತೀರಿ."

ರೈಲು ಹೋಯಿತು. ನಾನು ಪ್ಲಾಟ್‌ಫಾರ್ಮಿನಲ್ಲಿ ಉಳಿದೆ.

ಆ ಕಿರಣ ಹೊರಡುವಾಗ ತಡ ಮಾಡಿತೋ, ದಾರಿಯಲ್ಲಿ ತಡ ಮಾಡಿತೋ, ನನಗೆ ಗೊತ್ತಿಲ್ಲ. ಅವಳಿಗೂ ಗೊತ್ತಿಲ್ಲ. ಅದನ್ನು ಅವಳು ಅಲ್ಲಿ ಎದ್ದು ನಿಂತು ಹೇಳಿದಳೋ ಇಲ್ಲವೋ, ಅದೂ ನನಗೆ ಗೊತ್ತಿಲ್ಲ.