ಬೀರಪ್ಪನ ಗುಡಿಯಲ್ಲಿ ಎತ್ತಿದ ಚೀಟಿ

ಕಾರ್ಗಿಲ್ ಯುದ್ಧ ಮುಗಿದು, ಆಸ್ಪತ್ರೆಯಿಂದ ಬಿಡುಗಡೆಯಾಗಿ, ಪರಶುರಾಮ ರಜೆಗೆ ಊರಿಗೆ ಬಂದ. ಎಡಗಾಲಿನ ಎರಡು ಬೆರಳು ಹಿಮಕ್ಕೆ ಹೋಗಿದ್ದವು. ಈಸೂರಿನವರು ಬಸ್ಸಿನ ಬಾಗಿಲಲ್ಲೇ ಹಾರ ಹಾಕಿದರು. "ಎಷ್ಟು ಜನರನ್ನ ಹೊಡೆದ್ಯಪ್ಪಾ?" ಎಂದರು. ಅವನು ಸುಮ್ಮನೆ ನಕ್ಕು ಮನೆಯ ದಾರಿ ಹಿಡಿದ.

ಮರುದಿನ ತಮ್ಮ ಬೀರೇಶನ ಜೊತೆ ಕುರಿ ಹೊಡೆದುಕೊಂಡು ಅಂಜನಾಪುರದ ಕಡೆ ಹೊರಟ. ಕೊಯ್ಲಾದ ಗದ್ದೆಯಲ್ಲಿ ಕುರಿ ಮೇಯಲು ಬಿಟ್ಟು ಇಬ್ಬರೂ ಬದುವಿನ ಮೇಲೆ ಕೂತರು.

ಎಂಟು ವರ್ಷದ ಹಿಂದೆ ಶಿವಮೊಗ್ಗದ ಸೇನಾ ಭರ್ತಿಗೆ ಓಡಬೇಕೆಂದು ಹಟ ಹಿಡಿದವನು ಬೀರೇಶ. ಅವನಿಗೆ ಜೊತೆಯಾಗಲೆಂದು ಹೋದವನು ಪರಶುರಾಮ. ಇಬ್ಬರಿಗೂ ಕರೆ ಬಂತು. ಅಪ್ಪ ಉಜ್ಜಪ್ಪ ತಲೆ ಮೇಲೆ ಕೈ ಹೊತ್ತು ಕೂತ. "ಇಬ್ರೂ ಹೋದ್ರೆ ಕುರಿ ಹಿಂದೆ ಯಾರು ಹೋಗೋರು? ಒಬ್ಬ ಹೋಗ್ಲಿ. ಯಾರು ಅಂತ ಬೀರಪ್ಪನೇ ಹೇಳ್ಲಿ."

ಗುಡಿಯಲ್ಲಿ ಇಬ್ಬರೂ ದೇವರ ಅರಿಶಿನದ ಭಂಡಾರ ಮುಟ್ಟಿ, ಚೀಟಿಯಲ್ಲಿ ಬಂದಂತೆ ನಡೆಯುತ್ತೇವೆಂದು ಆಣೆ ಮಾಡಿದರು. ತಂಗಿ ಪ್ರಮೀಳಾ ಕಣ್ಣು ಮುಚ್ಚಿ ಚೀಟಿ ಎತ್ತಿದಳು. ಪೂಜಾರಿ ಓದಿದ ಹೆಸರು ಪರಶುರಾಮನದು. ಬೀರೇಶ ಗುಡಿಯಿಂದ ಎದ್ದು ಹೋದವನು ಊಟಕ್ಕೂ ಬರಲಿಲ್ಲ.

"ನನ್ ಬದ್ಲು ನೀನೇ ಹೋಗೋ," ಎಂದು ಪರಶುರಾಮ ಆವತ್ತು ಅವನನ್ನು ಹುಡುಕಿಕೊಂಡು ಹೋಗಿ ಕೇಳಿದ್ದ.

"ಭಂಡಾರ ಮುಟ್ಟೀವಿ. ದೇವ್ರ ಹತ್ರ ಆಟ ಆಡಾಕೆ ಆಗ್ತೈತಾ?" ಎಂದಿದ್ದ ತಮ್ಮ.

ಬದುವಿನ ಮೇಲೆ ಈಗ ಆ ಮಾತನ್ನು ಮೊದಲು ತೆಗೆದವನು ಬೀರೇಶನೇ. "ಅಣ್ಣ, ನಾಲ್ಕೈದು ವರ್ಷ ನಿನ್ ಮೇಲೆ ಹೊಟ್ಟೆಕಿಚ್ಚಿತ್ತು ನಂಗೆ. ಯೂನಿಫಾರ್ಮಿನ ಫೋಟೋ ಕಳ್ಸಿದ್ಯಲ್ಲ, ಅದನ್ನ ನೋಡ್ತಾನೇ ಇರ್ಲಿಲ್ಲ."

"ನಂಗೂ ಇತ್ತೋ. ಆ ಚಳೀಲಿ ಕೂತಾಗ, ಬೀರ ಈಗ ಬಿಸಿಲಿಗೆ ಬೆನ್ನು ಕೊಟ್ಟು ಕೂತಿರ್ತಾನೆ ಅಂತ."

"ಆ ಸುಖ ಎಲ್ಲಿ ಬಂತು? ಈ ಸರ್ತಿ ಬೇಸಿಗೇಲಿ ಅವ್ವ ರೇಡಿಯೋ ಮುಂದಿಂದ ಏಳ್ಲಿಲ್ಲ. ವಾರ್ತೆ ಮುಗ್ಯೋವರ್ಗೂ ಒಲೆ ಹಚ್ತಿರ್ಲಿಲ್ಲ. ನಾನು ಕುರಿ ಬಿಟ್ಕೊಂಡು ಹೊರಟ್ರೆ, ಬಾಗ್ಲಲ್ಲಿ ನಿಂತು ನನ್ನೇ ನೋಡೋಳು. ಒಂದ್ ಮಾತೂ ಅಂದಿಲ್ಲ. ಆದ್ರೂ ಆ ನೋಟ ತಡ್ಕಳಾಕೆ ಆಗ್ತಿರ್ಲಿಲ್ಲ ಅಣ್ಣ."

ಪರಶುರಾಮ ಯುದ್ಧದಲ್ಲಿ ತನ್ನ ಪಕ್ಕದಲ್ಲೇ ಗುಂಡು ತಗುಲಿ ಬಿದ್ದ ಧಾರವಾಡದ ಕಡೆಯ ಹುಡುಗನ ಸುದ್ದಿ ಬಾಯಿಗೆ ಬಂದರೂ ನುಂಗಿಕೊಂಡ. ತಮ್ಮನ ತಲೆಯಲ್ಲಿ ಆಗಲೇ ಕೂದಲು ಬೆಳ್ಳಗಾಗಿರುವುದು ಆಗ ಕಣ್ಣಿಗೆ ಬಿತ್ತು.

"ಪೆನ್ಶನ್ ಆಗ್ಬೇಕಂದ್ರೆ ಇನ್ನೂ ಬಾಳ ವರ್ಷ ಐತೆ," ಎಂದ.

"ಹೋಗ್ಲೇಬೇಕಾ?"

"ಹೋಗ್ದೆ ಏನು. ಕಾಲು ಹಿಂಗಾಗೈತಲ್ಲ, ಸ್ಟೋರಿನಾಗೆ ಹಾಕ್ತಾರಂತೆ. ಗುಡ್ಡ ಹತ್ತೋದಿಲ್ಲ."

ಬೀರೇಶ ಹೆಗಲ ಮೇಲಿದ್ದ ಕಂಬಳಿ ಬದುವಿನ ಮೇಲೆ ಹಾಸಿದ. ಪರಶುರಾಮ ಒಲ್ಲೆ ಎನ್ನದೆ ಬೂಟು ಬಿಚ್ಚಿ ಉರುಳಿಕೊಂಡ. ತಮ್ಮ ಅವನ ಕಾಲಿನ ಕಡೆ ಒಮ್ಮೆ ನೋಡಿ, ಪಕ್ಕದ ಗದ್ದೆಗೆ ನುಗ್ಗುತ್ತಿದ್ದ ಕುರಿಗಳನ್ನು ತಿರುಗಿಸಲು ಎದ್ದು ಹೋದ.