ಅವ್ವ ಕೊಟ್ಟ ತಾಮ್ರ

ಸೊಲ್ಲಾಪುರದ ಭಾಂಡೆ ವ್ಯಾಪಾರಿ ಸಾತಲಿಂಗಪ್ಪ ಪಾತ್ರೆಯನ್ನು ಬೆರಳಲ್ಲಿ ಬಾರಿಸಿಯೇ ತಾಮ್ರವೋ ಹಿತ್ತಾಳೆಯೋ ಹೇಳಿಬಿಡುವ ಆಸಾಮಿ. ಹೆಂಡತಿ ಅಕ್ಕನಾಗಮ್ಮನ ಎದೆಯೊಳಗೆ ಏನು ಕೆಟ್ಟಿದೆ ಎಂಬುದು ಮಾತ್ರ ಅವನಿಗೆ ಬಗೆಹರಿಯಲಿಲ್ಲ. ಹೆರಿಗೆಯಾದಾಗಿನಿಂದ ಅವಳ ಕಾಲು ಬಾತಿದ್ದವು, ಅಡುಗೆಮನೆಯಿಂದ ಪಡಸಾಲೆಗೆ ಬರುವಷ್ಟರಲ್ಲಿ ಏದುಸಿರು. ಹೃದಯದ ಸ್ನಾಯುವೇ ಸೋತಿದೆ ಎಂದರು ದವಾಖಾನೆಯಲ್ಲಿ.

ಅದು ತುರ್ತು ಪರಿಸ್ಥಿತಿಯ ವರ್ಷ. ದವಾಖಾನೆಯ ಹರೆಯದ ಡಾಕ್ಟರೊಬ್ಬ ಇಂಥ ರೋಗಿಗಳ ರಕ್ತದಲ್ಲಿ ಯಾವ ಲೋಹ ಎಷ್ಟಿರುತ್ತದೆಂದು ಅಭ್ಯಾಸ ಮಾಡುತ್ತಿದ್ದ. ಅಕ್ಕನಾಗಮ್ಮನ ರಕ್ತವೂ ಮುಂಬಯಿಗೆ ಹೋಯಿತು. ಸಾತಲಿಂಗಪ್ಪನಿಗೆ ಜೀವ ಬಂದಂತಾಯಿತು. ಕೊರತೆಯಿದ್ದರೆ ತುಂಬಿದರಾಯಿತು, ಹೆಚ್ಚಿದ್ದರೆ ತೆಗೆದರಾಯಿತು. ವ್ಯಾಪಾರಿಯ ತಲೆ ಓಡುವುದೇ ಹಾಗೆ.

ಸತು ಕಡಿಮೆ, ತಾಮ್ರ ಹೆಚ್ಚು ಎಂದು ಡಾಕ್ಟರು ತಿಳಿಸಿದ. ಇದು ರೋಗಕ್ಕೆ ಕಾರಣವೋ ರೋಗದಿಂದಲೇ ಆದದ್ದೋ ಇನ್ನೂ ಯಾರಿಗೂ ಗೊತ್ತಿಲ್ಲ ಎಂದೂ ಹೇಳಿದ. ಆದರೆ ತಾಮ್ರ ಎಂದದ್ದೇ ತಡ, ನಮ್ಮ ಸಾವ್ಕಾರನ ಕಿವಿ ಮುಚ್ಚಿಹೋಗಿತ್ತು. ಅಕ್ಕನಾಗಮ್ಮ ದಿನಾ ಬೆಳಿಗ್ಗೆ ನೀರು ಕುಡಿಯುತ್ತಿದ್ದುದು ತಾಮ್ರದ ತಂಬಿಗೆಯಲ್ಲಿ. ಅಕ್ಕಲಕೋಟೆಯ ಅವಳ ಅವ್ವ ಕಸ್ತೂರಬಾಯಿ ಮದುವೆಯಲ್ಲಿ ತನ್ನ ಹೆಸರು ಕೆತ್ತಿಸಿ ಕೊಟ್ಟದ್ದು. ಅವ್ವ ತೀರಿಕೊಂಡು ವರ್ಷವೂ ಆಗಿರಲಿಲ್ಲ.

ಕಳ್ಳ ಸಿಕ್ಕಿಬಿದ್ದನೆಂದು ಸಾತಲಿಂಗಪ್ಪ ಹಿಗ್ಗಿದ. ಹಂಡೆ, ಕೊಡ, ತಂಬಿಗೆ ಎಲ್ಲ ಅಂಗಡಿಗೆ ಸಾಗಿದವು. ಹಳೆಯ ಪಾತ್ರೆ ಬಂದರೆ ಸುತ್ತಿಗೆಯಿಂದ ಚಪ್ಪಟೆ ಮಾಡುವುದು ಅಲ್ಲಿಯ ಪದ್ಧತಿ. ಆಮೇಲೆ ಯಾರೂ ನನ್ನದೆಂದು ವಾಪಸು ಕೇಳಬಾರದು. ತಂಬಿಗೆಯನ್ನು ಅವನೇ ಬಡಿದ. ಮನೆಗೆ ಹೊಸ ಸ್ಟೀಲು ಬಂತು.

ಬಾವು ಇಳಿಯಲಿಲ್ಲ, ಹೊಟ್ಟೆಗೂ ಏರಿತು. ಸಾತಲಿಂಗಪ್ಪ ದವಾಖಾನೆಗೆ ಓಡಿದ.

"ಮನ್ಯಾಗಿನ ತಾಮ್ರ ಎಲ್ಲಾ ತಗದೀನ್ರಿ ಡಾಕ್ಟರ್‌ಸಾಹೇಬ್ರ. ಇನ್ನಾ ಯಾಕ ಆರಾಮ ಆಗವಲ್ದು?"

ಡಾಕ್ಟರು ಅವನ ಮುಖ ನೋಡಿದ. ಪಾತ್ರೆಗೂ ಇದಕ್ಕೂ ಸಂಬಂಧವಿಲ್ಲ, ಇದನ್ನು ಗುಣಪಡಿಸುವ ಔಷಧವೂ ನಮ್ಮಲ್ಲಿಲ್ಲ, ಮನೆಯಲ್ಲೇ ಸುಖವಾಗಿಟ್ಟುಕೊಳ್ಳಿ ಎಂದು ಮರಾಠಿಯಲ್ಲಿ ಮೆಲ್ಲಗೆ ಹೇಳಿದ. ಈ ಸಲ ಸಾತಲಿಂಗಪ್ಪನಿಗೆ ಪ್ರತಿ ಮಾತೂ ಕೇಳಿಸಿತು.

ಮನೆಯಲ್ಲಿ ಅಕ್ಕನಾಗಮ್ಮ ದಿಂಬಿಗೆ ಒರಗಿ ಕೂತಿದ್ದಳು. "ನನ್ನ ತಂಬಿಗಿ ಎಲ್ಲಿ ಇಟ್ಟೀರಿ? ಒಂದ್ ಗುಟುಕು ಅದರಾಗ ಕೊಡ್ರಿ. ಈ ಸ್ಟೀಲಿನ ನೀರು ಗಂಟಲಾಗ ಇಳಿಯವಲ್ದು."

ಅವನು ಅಂಗಡಿಗೆ ಹೋಗಿ ಗುಜರಿಯ ರಾಶಿಯನ್ನೆಲ್ಲ ಕೆದರಿದ. ಸಿಕ್ಕಿತು, ರೊಟ್ಟಿಯ ಹಾಗೆ ಚಪ್ಪಟೆಯಾಗಿ. ಸುಳ್ಳು ಹೇಳುವ ಧೈರ್ಯ ಸಾಲದೆ ಹಾಗೇ ತಂದು ಅವಳ ಕೈಯಲ್ಲಿಟ್ಟ.

ಅವಳು ಬೆರಳಿನಿಂದ ಹುಡುಕಿದಳು. ಅವ್ವನ ಹೆಸರು ಅರ್ಧ ಉಳಿದಿತ್ತು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಮಗುವನ್ನು ಕೇಳುವಂತೆ ಕೇಳಿದಳು:

"ಇದರಾಗ ನೀರು ಹ್ಯಾಂಗ ನಿಂದರ್ತಾವ್ರಿ?"

ಸಾತಲಿಂಗಪ್ಪ ಸ್ಟೀಲಿನ ಲೋಟವನ್ನೇ ಅವಳ ತುಟಿಗೆ ಹಿಡಿದ. ಅವಳು ಕುಡಿಯಲಿಲ್ಲ.